ತಿರುಗಿ ಬಂದ ದೋಣಿ

"ಸಾಕಾಗಿದೆ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಯಾಕೆ ಹೋಗ್ತೀನಿ ಮೇಷ್ಟ್ರೇ?"

ಈ ಪ್ರಶ್ನೆ ಕೇಳಿದವಳು ನನ್ನ ಗೆಳತಿ ವಿಮಲಾಕ್ಷಿ. ಉತ್ತರವಾಗಿ ಈ ಕತೆ ಹೇಳಿದವರು ಅವಳಿಗೆ ಹಾರ್ಮೋನಿಯಂ ಕಲಿಸುತ್ತಿದ್ದ ರುದ್ರಾರಾಧ್ಯ ಮೇಷ್ಟ್ರು. ನನಗೆ ಹೇಳಿದವಳು ವಿಮಲಾಕ್ಷಿಯೇ. ಎರಡು ಬಾಯಿ ದಾಟಿ ಬಂದ ಕತೆಯಲ್ಲಿ ಎಲ್ಲೋ ಒಂದು ಕಡೆ ಉಪ್ಪು ಹೆಚ್ಚಾಗಿದ್ದರೆ ಅದು ನನ್ನ ಕೈಯದೆಂದು ತಿಳಿಯಿರಿ.

ವಿಮಲಾಕ್ಷಿ ಕಾಲೇಜಿನಲ್ಲಿದ್ದಾಗ ನೋಡಿ ಅತ್ತಿದ್ದ ಒಂದು ಚಿತ್ರ ಆ ವಾರ ಮತ್ತೆ ಬಿಡುಗಡೆಯಾಗಿತ್ತು. ಅದು ಮೂರನೆಯ ಸಲ. ಮೊದಲ ಸಲ ಸದ್ದನ್ನು ಹೊಸದು ಮಾಡಿ ತಂದಿದ್ದರು. ಎರಡನೆಯ ಸಲ ಕಣ್ಣಿಗೆ ಕಪ್ಪು ಕನ್ನಡಕ ಕೊಟ್ಟಿದ್ದರು. ಈ ಸಲ ಕುರ್ಚಿ ಅಲುಗಾಡುತ್ತಿತ್ತು. ನಾಯಕ ಮಳೆಯಲ್ಲಿ ಹಾಡುವಾಗ ನೋಡುವವರ ಮುಖಕ್ಕೂ ನೀರು ಸಿಂಪಡಿಸುವ ಏರ್ಪಾಡಿತ್ತು.

"ನೀರು ಬಂತು ಮೇಷ್ಟ್ರೇ, ಕಣ್ಣೀರು ಬರಲಿಲ್ಲ," ಎಂದಳು ವಿಮಲಾಕ್ಷಿ. "ಮನೇಲಿ ಗೋಡೆಯಷ್ಟು ದೊಡ್ಡ ಟೀವಿ ತಂದಿಟ್ಟಿದಾರೆ. ಅದರೊಳಗೆ ಸಾವಿರ ಪಿಕ್ಚರ್ ಇವೆಯಂತೆ. ಯಾವುದು ನೋಡೋಣ ಅಂತ ಹುಡುಕೋದ್ರಲ್ಲೇ ತಟ್ಟೇಲಿರೋ ಅನ್ನ ಆರುತ್ತೆ. ಹುಡುಕಿ ಆದ ಮೇಲೆ ಪಾಸ್‌ವರ್ಡ್ ಕೇಳುತ್ತೆ. ಅದು ನಮ್ಮೆಜಮಾನ್ರಿಗೂ ಗೊತ್ತಿಲ್ಲ. ಸಾಕಪ್ಪಾ ಸಾಕು ಅನ್ಸುತ್ತೆ. ಆದ್ರೂ ಹಳೇದು ಮತ್ತೆ ಬಂತು ಅಂತ ಗೋಡೆ ಮೇಲೆ ಪೋಸ್ಟರ್ ಕಂಡ್ರೆ ಕಾಲು ತಾನಾಗೇ ಆ ಕಡೆ ತಿರುಗುತ್ತೆ."

ಮೇಷ್ಟ್ರು ಹಾರ್ಮೋನಿಯಂನ ತಿದಿಯನ್ನು ಒತ್ತಿ ಕೊಂಡಿ ಹಾಕಿದರು.

"ಇವತ್ತು ಸರಳೆ ಬೇಡ, ಕೇಳು," ಎಂದರು.

ಒಂದು ಊರಿನಲ್ಲಿ ಒಬ್ಬ ಹಪ್ಪಳದವಳಿದ್ದಳು. ಚಿಕ್ಕಂದಿನಲ್ಲೇ ಅವಳ ತಾಯಿ ಹೋಗಿದ್ದಳು. ಸಾಕಿದವಳು ಅಕ್ಕ. ಅಕ್ಕನಿಗೆ ಹದಿನೆಂಟು, ಅವಳಿಗೆ ಆರು ತುಂಬಿದ ವರ್ಷ ಊರ ಹೊರಗಿನ ಬಯಲಿಗೆ ಒಂದು ಟೆಂಟು ಸಿನಿಮಾ ಬಂತು. ಟೆಂಟಿನ ತಿಂಡಿ ಅಂಗಡಿಗೆ ಹಪ್ಪಳ ಕೊಡುತ್ತಿದ್ದವಳು ಅಕ್ಕ. ಆದ್ದರಿಂದ ಅಕ್ಕತಂಗಿಯರನ್ನು ಯಾರೂ ಟಿಕೆಟ್ ಕೇಳುತ್ತಿರಲಿಲ್ಲ. ದಿನವೂ ಸಂಜೆಯ ಮೊದಲನೆ ಆಟಕ್ಕೆ ಹೋಗಿ ಮರಳಿನ ಮೇಲೆ ಕೂರುತ್ತಿದ್ದರು. ನಡುವೆ ಒಂದು ತಡಿಕೆ. ಈಚೆ ಹೆಂಗಸರು, ಆಚೆ ಗಂಡಸರು.

ಒಂದು ಚಿತ್ರವನ್ನು ಇಬ್ಬರೂ ಒಂದೇ ವಾರದಲ್ಲಿ ಐದು ಸಲ ನೋಡಿದರು. ಅದರಲ್ಲಿಯೂ ಒಬ್ಬ ಅಕ್ಕ, ಒಬ್ಬ ತಂಗಿ. ಆ ಚಿತ್ರದಲ್ಲಿ ಹಪ್ಪಳದವಳಿಗೆ ನೆನಪು ಉಳಿದದ್ದು ಇಷ್ಟೇ.

ಅಕ್ಕನಿಗೆ ಮದುವೆಯಾಗುತ್ತದೆ. ಅವಳು ದೋಣಿ ಹತ್ತಿ ಹೊಳೆಯಾಚೆಯ ಊರಿಗೆ ಹೊರಡುತ್ತಾಳೆ. ತಂಗಿ ದಡದಲ್ಲಿ ನಿಲ್ಲುತ್ತಾಳೆ. ದೋಣಿ ನಡುಹೊಳೆಗೆ ಹೋಗುತ್ತದೆ. ಅಲ್ಲಿ ತಿರುಗುತ್ತದೆ. ಅಕ್ಕ ಮೊಣಕಾಲುದ್ದದ ನೀರಿಗೆ ಇಳಿದು, ಧಾರೆ ಸೀರೆ ನೆನೆಸಿಕೊಂಡು ದಡಕ್ಕೆ ಬರುತ್ತಾಳೆ. "ನಿನ್ನ ಜಡೆ ಹಾಕೋದು ಮರೆತೇಬಿಟ್ಟೆ ಕಣೇ," ಎನ್ನುತ್ತಾಳೆ. ಕಲ್ಲಿನ ಮೇಲೆ ಕೂತು ತಂಗಿಯ ತಲೆ ಬಾಚುತ್ತಾಳೆ. ಹೊತ್ತಾಯಿತೆಂದು ಅಂಬಿಗ ಕೂಗುತ್ತಾನೆ. ಅಕ್ಕ ತಲೆ ಎತ್ತದೆ, "ಇರಪ್ಪಾ, ಕೂದಲು ಬಹಳ ಇದೆ," ಎನ್ನುತ್ತಾಳೆ.

ಮರುವರ್ಷ ಹಪ್ಪಳದವಳ ಅಕ್ಕನಿಗೂ ಮದುವೆಯಾಯಿತು. ಗಂಡನ ಊರು ದೂರ. ಅಕ್ಕ ಬಸ್ಸು ಹತ್ತಿದಳು. ತಂಗಿ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ನಿಂತಳು. ಎಲ್ಲರೂ ಮನೆಗೆ ಹೋದರು. ಅವಳು ಹೋಗಲಿಲ್ಲ. ಕರೆಯಲು ಬಂದ ತಂದೆಗೆ, "ಬಸ್ಸು ಇನ್ನೂ ಅರ್ಧ ದಾರಿಗೆ ಹೋಗಿರಲ್ಲಪ್ಪ," ಎಂದಳು. ತಂದೆಗೆ ಅರ್ಥವಾಗಲಿಲ್ಲ. ಎತ್ತಿಕೊಂಡು ಹೋದ.

ಬಸ್ಸು ತಿರುಗಲಿಲ್ಲ. ತಾಯಿಯಿಲ್ಲದ ಮನೆಗೆ ಬಾಣಂತನಕ್ಕೆ ಕಳಿಸುವುದು ಯಾಕೆಂದು ಗಂಡನ ಮನೆಯವರು ಅಕ್ಕನನ್ನು ಅಲ್ಲಿಯೇ ಉಳಿಸಿಕೊಂಡರು. ಮೊದಲ ಹೆರಿಗೆಯಲ್ಲಿಯೇ ಅವಳು ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಉಳಿಯಲಿಲ್ಲ.

ಹಪ್ಪಳದವಳಿಗೆ ಒಂದು ಆಸೆ ಹುಟ್ಟಿತು. ಆ ದೋಣಿ ತಿರುಗುವುದನ್ನು ಇನ್ನೊಂದು ಸಲ ನೋಡಬೇಕು. ಆಮೇಲೆ ಅವಳು ದೊಡ್ಡವಳಾದಳು. ಅವಳಿಗೂ ಮದುವೆಯಾಯಿತು, ಮಗ ಹುಟ್ಟಿದ, ಹಿಟ್ಟು ಕುಟ್ಟುವ ಒನಕೆ ಹೋಗಿ ಯಂತ್ರ ಬಂತು. ಟೆಂಟು ಗಂಟು ಕಟ್ಟಿಕೊಂಡು ಎಲ್ಲಿಗೋ ಹೋಯಿತು. ಬೇರೆ ಆಸೆಗಳು ಬಂದವು, ಕೆಲವು ತೀರಿದವು, ಕೆಲವು ಮರೆತುಹೋದವು. ಇದು ಉಳಿಯಿತು.

ಎಷ್ಟೋ ವರ್ಷದ ಮೇಲೆ ಆ ಚಿತ್ರ ಮತ್ತೆ ಬಿಡುಗಡೆಯಾಯಿತು. ಸದ್ದು ಹೊಸದು, ಪ್ರಿಂಟು ಹೊಸದು ಎಂದು ಪೋಸ್ಟರಿನಲ್ಲಿ ಬರೆದಿದ್ದರು. ಅವಳು ಹಿಟ್ಟನ್ನು ಹಾಗೆಯೇ ಮುಚ್ಚಿಟ್ಟು ಪೇಟೆಯ ಥಿಯೇಟರಿಗೆ ಹೋದಳು. ದೋಣಿ ಹೊರಟಿತು. ನಡುಹೊಳೆಗೆ ಹೋಯಿತು. ಮರುಕ್ಷಣವೇ ದಡದಲ್ಲಿದ್ದ ತಂಗಿ ಬೆಳೆದು ದೊಡ್ಡವಳಾಗಿ, ಸೀರೆ ಉಟ್ಟು ಬಾವಿಯಿಂದ ನೀರು ಸೇದುತ್ತಿದ್ದಳು.

ಹಪ್ಪಳದವಳು ಪಕ್ಕದವಳನ್ನು ತಟ್ಟಿದಳು.

"ದೋಣಿ ತಿರುಗೋದನ್ನ ಕತ್ತರಿಸಿದಾರಲ್ಲಾ, ನೋಡಿದ್ರಾ?"

"ಯಾವ ದೋಣಿನಮ್ಮಾ? ಹೋಗಿದ್ದು ಹೋಯ್ತು. ನೀವು ಸ್ವಲ್ಪ ತಲೆ ತಗ್ಗಿಸಿ, ಹಿಂದಿನವ್ರಿಗೆ ಕಾಣಲ್ವಂತೆ."

ತಾನೇ ಕಣ್ಣು ಮಿಟುಕಿಸಿರಬೇಕು ಎಂದುಕೊಂಡು ಅವಳು ಮುಂದಿನ ಆಟಕ್ಕೂ ಕೂತಳು. ಆ ಸಲ ಕಣ್ಣು ಮಿಟುಕಿಸಲಿಲ್ಲ. ದೋಣಿಯೂ ತಿರುಗಲಿಲ್ಲ.

ಮತ್ತೆ ಕೆಲವು ವರ್ಷಕ್ಕೆ ಕಪ್ಪುಬಿಳುಪಿನ ಆ ಚಿತ್ರಕ್ಕೆ ಬಣ್ಣ ಹಾಕಿ ತಂದರು. ಅಕ್ಕನ ಧಾರೆ ಸೀರೆ ಎಲೆಹಸಿರಾಗಿತ್ತು. ಹಪ್ಪಳದವಳು ಅದನ್ನು ಅಷ್ಟು ವರ್ಷ ಅರಿಸಿನ ಬಣ್ಣದ್ದೆಂದು ನಂಬಿದ್ದಳು. ಹೊಳೆಗೆ ಯಾರೋ ನೀಲಿಪುಡಿ ಕದಡಿದ ಹಾಗಿತ್ತು. ಅದರ ಮೇಲೆ ದೋಣಿ ಹೋಯಿತು. ಹೋಗಿಯೇ ಹೋಯಿತು.

ಆಮೇಲೆ ಕನ್ನಡಕ ಹಾಕಿಕೊಂಡು ನೋಡುವುದು ಬಂತು. ಅದರಲ್ಲಿ ದೋಣಿಯ ಮೂತಿ ಪರದೆಯಿಂದ ಹೊರಗೆ ಚಾಚಿಕೊಂಡಿತು. ಜನ ಹೋ ಎಂದರು. ಇದೀಗ ಬಂತು ಎಂದು ಹಪ್ಪಳದವಳು ಎರಡೂ ಕೈ ಚಾಚಿದಳು. ಕೈಗೆ ಮುಂದಿನ ಸಾಲಿನವನ ತಲೆ ಸಿಕ್ಕಿತು. ಅವನು ತಿರುಗಿ ನೋಡಿದ. ಅವಳು ಕ್ಷಮೆ ಕೇಳಿ ಮತ್ತೆ ಪರದೆಯನ್ನು ನೋಡುವಷ್ಟರಲ್ಲಿ ತಂಗಿ ಬಾವಿಯ ಹತ್ತಿರ ಬಂದಾಗಿತ್ತು.

ಒಮ್ಮೆ ಟೀವಿಯಲ್ಲಿ ಹಾಕಿದರು. ದೋಣಿ ನಡುಹೊಳೆಗೆ ಬರುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂತು. ಮನೆಯವರೆಲ್ಲ ಬೈದರು. ಅವಳಿಗೆ ಮಾತ್ರ ಯಾಕೋ ಎದೆ ಹಗುರಾಯಿತು. ಈಗ ತಿರುಗುತ್ತದೆ ಎಂದುಕೊಂಡು ಸ್ವಲ್ಪ ಮುಂದಕ್ಕೆ ಸರಿದು ಕೂತಳು. ಜಾಹೀರಾತು ಮುಗಿಯಿತು. ಬಾವಿ ಬಂತು.

ಹೊಸ ಯಂತ್ರ ಬಂತೆಂದರೆ ಅವಳು ಒಂದನ್ನೇ ಯೋಚಿಸುತ್ತಿದ್ದಳು: ಹಿಂದಿನದಕ್ಕೆ ಸಿಗದ್ದು ಇದಕ್ಕಾದರೂ ಸಿಕ್ಕಿರಬಹುದು. ಪೋಸ್ಟರುಗಳೂ ಹಾಗೆಯೇ ಹೇಳುತ್ತಿದ್ದವು. ಹೋಗುವಾಗ ಅವಳ ಕಾಲು ಚುರುಕಾಗಿರುತ್ತಿತ್ತು. ಬರುವಾಗ ದಾರಿಯಲ್ಲಿ ಎರಡು ಕಡೆ ಕೂತು ಬರುತ್ತಿದ್ದಳು. ನೋಡಿ ದಣಿದವರು ಮಲಗಿ ಎದ್ದರೆ ಸರಿಹೋಗುತ್ತಾರೆ. ಕಾದು ದಣಿದವರಿಗೆ ನಿದ್ದೆ ಬರುವುದಿಲ್ಲ.

ಅವಳ ಸೊಸೆ ಒಳ್ಳೆಯವಳು. ಅತ್ತೆಯ ಸಂಕಟ ನೋಡಲಾರದೆ ಒಂದು ಮಧ್ಯಾಹ್ನ ತನ್ನ ಫೋನು ಹಿಡಿದುಕೊಂಡು ಬಂದಳು.

"ಬನ್ನಿ ಅತ್ತೆ, ನಿಮ್ಮ ದೋಣಿನ ನಾನು ತಿರುಗಿಸ್ತೀನಿ."

ದೋಣಿ ನಡುಹೊಳೆಗೆ ಹೋದ ಮೇಲೆ ಅವಳು ಗಾಜಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಳೆದಳು. ಅಲೆಗಳು ಮುಚ್ಚಿಕೊಂಡವು. ದೋಣಿ ಬೆನ್ನು ಮುಂದಾಗಿ ಸರಸರನೆ ದಡಕ್ಕೆ ಬಂತು. ಅಕ್ಕನ ಮುಖ ಮಾತ್ರ ಆಚೆ ದಡಕ್ಕೇ ಇತ್ತು.

"ಬಂತಲ್ಲ ಅತ್ತೆ?"

"ಬರಲಿಲ್ಲಮ್ಮ. ನೀನು ಎಳ್ಕೊಂಡು ಬಂದೆ."

ಕೊನೆಯ ಸಲ ಆ ಚಿತ್ರವನ್ನು ತಂದಾಗ ಹಪ್ಪಳದವಳ ತಲೆ ನೆರೆತಿತ್ತು. ಈ ಸಲದ ಮಾತು ಬೇರೆ. ಹಳೆಯ ಉಗ್ರಾಣಗಳನ್ನು ಹುಡುಕಿದ್ದೇವೆ, ಕಳೆದುಹೋಗಿದ್ದ ತುಂಡುಗಳನ್ನೆಲ್ಲ ಜೋಡಿಸಿದ್ದೇವೆ, ಮೊದಲ ದಿನ ಹೇಗಿತ್ತೋ ಹಾಗೆಯೇ ಇಡೀ ಚಿತ್ರ ನೋಡಿ ಎಂದು ಸಾರಿದ್ದರು. ಮಗ, "ಅಮ್ಮಾ, ಸಾಕು," ಎಂದ. "ಇದೊಂದು ಸಲ ಕಣೋ," ಎಂದಳು. ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಹೋದಳು.

ಈ ಸಲ ದೋಣಿ ನಡುಹೊಳೆಗೆ ಬಂದರೂ ಬಾವಿ ಬರಲಿಲ್ಲ. ಹಪ್ಪಳದವಳು ಉಸಿರು ಹಿಡಿದಳು. ಅವಳು ಯಾವತ್ತೂ ಕಾಣದ ಭಾಗ ಪರದೆಯ ಮೇಲೆ ಬಂತು. ದೋಣಿ ಮುಂದಕ್ಕೆ ಹೋಯಿತು. ಇನ್ನೂ ಮುಂದಕ್ಕೆ ಹೋಯಿತು. ಆಚೆ ದಡ ಬಂತು. ಗಂಡನ ಮನೆಯ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಅಕ್ಕ ಇಳಿದಳು. ಒಂದು ಸಲ ಈಚೆ ನೋಡಿದಳು. ತಂಗಿ ನಿಂತಿದ್ದ ದಡ ಒಂದು ಗೆರೆಯಾಗಿತ್ತು. ಆರತಿ ಎತ್ತಿದರು. ಅಕ್ಕ ಒಳಗೆ ಹೋದಳು.

ನಡುವೆ ಒಂದು ಕೂದಲೆಳೆಯಷ್ಟೂ ಸಂದು ಇರಲಿಲ್ಲ. ದೋಣಿ ತಿರುಗಲು ಅಲ್ಲಿ ಜಾಗವೇ ಇರಲಿಲ್ಲ. ಹಪ್ಪಳದವಳು ಚಿತ್ರ ಮುಗಿಯುವ ಮೊದಲೇ ಎದ್ದು ಬಂದಳು.

ಅವಳಿಗೆ ಉಳಿದದ್ದು ಒಂದೇ ದಾರಿ. ಹಿಂದೆ ಟೆಂಟಿನಲ್ಲಿ ಚಿತ್ರ ಓಡಿಸುತ್ತಿದ್ದ ಆಪರೇಟರನ್ನು ಹುಡುಕಿದಳು. ಅವನಿಗೆ ವಯಸ್ಸಾಗಿತ್ತು. ಮಾರುಕಟ್ಟೆಯ ಹಿಂದೆ ಕುಕ್ಕರ್, ಮಿಕ್ಸಿ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದ. ಅವಳು ಹೋಗಿ ಎದುರು ನಿಂತಳು.

"ಟೆಂಟಲ್ಲಿ ಪಿಕ್ಚರ್ ತೋರಿಸ್ತಿದ್ದೋರು ನೀವೇ ತಾನೇ?"

"ನಾನೇ ಕಣಮ್ಮ. ಈಗ ಕುಕ್ಕರ್ ಮಾತ್ರ. ಗ್ಯಾಸ್ಕೆಟ್ಟಾ?"

"ದೋಣಿ ತಿರುಗೋ ಸೀನು ಕೊಡಿ. ನೀವೇ ಕತ್ತರಿಸಿ ಇಟ್ಕೊಂಡಿದೀರಿ. ಆಪರೇಟರುಗಳು ತುಂಡು ಕತ್ತರಿಸಿ ಮಕ್ಕಳಿಗೆ ಮಾರ್ಕೋತಿದ್ದದ್ದು ನನಗೆ ಗೊತ್ತಿಲ್ವಾ? ಕೊಟ್ಬಿಡಿ. ಯಾರಿಗೂ ಹೇಳಲ್ಲ."

ಆಪರೇಟರು ನಗಲಿಲ್ಲ. ಕೈಯಲ್ಲಿದ್ದ ಕುಕ್ಕರನ್ನು ಕೆಳಗಿಟ್ಟ. ಯಾವ ಚಿತ್ರ, ಯಾವ ದೋಣಿ, ಎಲ್ಲವನ್ನೂ ಕೇಳಿದ. ಹಪ್ಪಳದವಳು ಹೇಳಿದಳು. ನೀರಿಗಿಳಿದದ್ದು, ಸೀರೆ ನೆನೆದದ್ದು, ಕಲ್ಲಿನ ಮೇಲೆ ಕೂತು ಜಡೆ ಹಾಕಿದ್ದು, ಅಂಬಿಗನ ಕೂಗು, ಯಾವುದನ್ನೂ ಬಿಡಲಿಲ್ಲ.

"ಕತ್ತರಿಸಿದ್ದು ನಿಜ," ಎಂದ ಅವನು. "ಆ ಪ್ರಿಂಟು ನಮ್ಮ ಹತ್ರ ಬರೋ ಹೊತ್ತಿಗೆ ಇಪ್ಪತ್ತು ಊರು ಸುತ್ತಿ ಹಣ್ಣಾಗಿತ್ತು. ದೋಣಿ ನಡುಹೊಳೆಗೆ ಬಂದ್ರೆ ಸಾಕು, ದಿನಾ ಪಟ್ ಅಂತ ಹರಿಯೋದು. ಆಚೆ ದಡದ ಭಾಗ ಬೇರೆ ಯಾವೂರಲ್ಲೋ ಮೊದಲೇ ಕಳೆದುಹೋಗಿತ್ತು. ನಾನು ತೆಗೆದಿದ್ದು ಎರಡು ಬೆರಳಗಲ. ಎರಡು ಬೆರಳಲ್ಲಿ ದೋಣಿ ತಿರುಗುತ್ತೇನಮ್ಮ? ತಲೆ ಬಾಚೋದು ಹಾಗಿರಲಿ, ಬಾಚಣಿಗೆ ತೆಗೆಯೋಷ್ಟು ಹೊತ್ತೂ ಆಗಲ್ಲ."

"ಹಾಗಾದ್ರೆ ನಾನು ನೋಡಿದ್ದು?"

"ನೀವು ನೋಡಿದ್ದು ಕತ್ತಲೆ."

ಹಪ್ಪಳದವಳು ಒಂದು ಹೆಜ್ಜೆ ಹತ್ತಿರ ಬಂದಳು.

"ರೀಲು ಹರಿದಾಗ ಲೈಟು ಹಾಕ್ಬೇಡ ಅಂತ ನಮ್ಮ ಯಜಮಾನ್ರ ಅಪ್ಪಣೆ," ಎಂದ ಆಪರೇಟರು. "ಲೈಟು ಹಾಕಿದ್ರೆ ಗಂಡಸ್ರು ಬೀಡಿ ಸೇದೋಕೆ ಹೊರಗೆ ಹೋಗೋರು. ಹೋಗ್ತಾ ಹತ್ತು ಜನ, ಬರ್ತಾ ಹದಿನೈದು. ಅದಕ್ಕೆ ಎಲ್ಲರನ್ನೂ ಕತ್ತಲಲ್ಲೇ ಕೂರಿಸಿ, ಟಾರ್ಚು ಬಾಯಲ್ಲಿ ಕಚ್ಕೊಂಡು ಅಂಟು ಹಾಕ್ತಿದ್ದೆ. ಗಂಡಸರ ಕಡೆಯಿಂದ ಸಿಳ್ಳೆ. ಸತ್ತುಹೋದ ನಮ್ಮಪ್ಪನ್ನ ನನಗಿಂತ ಅವರೇ ಹೆಚ್ಚು ನೆನೆಸ್ಕೋತಿದ್ರು. ಹೆಂಗಸರ ಕಡೆ ಮಾತ್ರ ಗಲಾಟೆ ಇರ್ತಿರಲಿಲ್ಲ. ಅಲ್ಲಿ ಯಾರೋ ಒಬ್ಬರು ಮೆತ್ತಗೆ ಏನೋ ಹೇಳೋರು. ಮಿಕ್ಕವರೂ ಸುಮ್ಮನೆ ಕೇಳೋರು ಅಂತ ಕಾಣುತ್ತೆ. ನನಗೆ ದನಿ ಕೇಳಿಸೋದು, ಮಾತು ತಿಳೀತಿರಲಿಲ್ಲ."

ಆಮೇಲೆ ಅವನು ತನ್ನ ಕಸುಬಿನವರು ಕೇಳುವ ಪ್ರಶ್ನೆಯೊಂದನ್ನು ಕೇಳಿದ.

"ನಮ್ಮ ಟೆಂಟಲ್ಲಿ ಇದ್ದಿದ್ದು ಒಂದೇ ಸ್ಪೀಕರು, ಪರದೆ ಹಿಂದೆ. ಆ ಜಡೆ ಮಾತು ನಿಮಗೆ ಅಲ್ಲಿಂದ ಕೇಳಿಸ್ತಾ?"

ಹೌದೆನ್ನಲು ಹಪ್ಪಳದವಳು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕೈ ತಾನಾಗಿ ಬಲಗಿವಿಗೆ ಹೋಯಿತು. ಮಾತು ಅಲ್ಲಿಂದ ಬಂದಿತ್ತು. ತೀರ ಹತ್ತಿರದಿಂದ. ಬಿಸಿಯಾಗಿ, ಇಂಗಿನ ವಾಸನೆಯ ಜೊತೆಗೆ.

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಟೆಂಟಿನಲ್ಲಿ ಆ ಚಿತ್ರ ನೋಡಿದ ವಾರವೇ ಗಂಡಿನ ಕಡೆಯವರು ಬಂದು ಅಕ್ಕನನ್ನು ನೋಡಿ ಹೋಗಿದ್ದರು. ಅದು ಅವಳಿಗೆ ಈಗ ನೆನಪಾಯಿತು.

ಇಷ್ಟು ಹೇಳಿ ಮೇಷ್ಟ್ರು ನಿಲ್ಲಿಸಿದರು.

"ಇಷ್ಟೇನಾ?" ಎಂದಳು ವಿಮಲಾಕ್ಷಿ. "ಆಮೇಲೆ ಅವಳೇನು ಮಾಡಿದಳು? ಅದು ಯಾವ ಪಿಕ್ಚರಿನಲ್ಲೂ ಇಲ್ಲ, ಯಾವ ಯಂತ್ರಕ್ಕೂ ಸಿಗಲ್ಲ. ಹೇಳಿದ ಅಕ್ಕನೂ ಇಲ್ಲ. ಇನ್ನು ಅವಳಿಗೆ ಆ ದೋಣಿ ಎಲ್ಲಿ ಸಿಗ್ಬೇಕು ಮೇಷ್ಟ್ರೇ?"

"ಕಿವಿಯಲ್ಲಿ ಸಿಕ್ಕಿದ್ದು ಮತ್ತೆ ಬೇಕಾದರೆ ಇನ್ನೊಂದು ಕಿವಿ ಹುಡುಕಬೇಕಮ್ಮಾ," ಎಂದರು ಮೇಷ್ಟ್ರು.



ವಿಮಲಾಕ್ಷಿ ನನಗೆ ಹೇಳಿದಳು, ನಾನು ನಿಮಗೆ ಹೇಳಿದೆ. ನೀವು ಇದನ್ನು ಫೋನಿನಲ್ಲಿ ಮುಂದಕ್ಕೆ ತಳ್ಳಿ ಕೈತೊಳೆದುಕೊಳ್ಳಬೇಡಿ. ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರಿಗೆ ಹೇಳಿ, ಮರೆತ ಕಡೆ ನಿಮ್ಮದನ್ನು ಸೇರಿಸಿ.